ಹೆಲಾಸ್ ಕುಳಿಯ ನಡುವಿನ ಕಪ್ಪು

ಮಧುರವಾಡ, ವಿಶಾಖಪಟ್ಟಣ
೧೮ ನವೆಂಬರ್ ೨೦೨೪

ನನ್ನ ಮುದ್ದಿನ ತಂಗಿ ಸಿಂಧೂರಾ,

ದಸರೆಗೆ ನಿಮ್ಮ ಇಬ್ರಾಹಿಂಪಟ್ನಂ ಮನೆಯಲ್ಲಿ ಉಂಡುಟ್ಟು ಬಂದವಳು ಆಮೇಲೆ ಸುದ್ದಿಯೇ ಇಲ್ಲ ಎಂದು ಸಿಟ್ಟಾಗಿರುತ್ತೀ. ಆಗು, ನಿನಗೆ ಆ ಹಕ್ಕಿದೆ. ನಿನ್ನ ಯಜಮಾನರ ರಾತ್ರಿಪಾಳಿ ಮುಗಿಯಿತೇ? ನಿಮ್ಮ ಭಾವ ಮತ್ತೆ ಹಡಗು ಹತ್ತಿದ್ದಾರೆ. ಎಲ್ಲಿಗೆ, ಎಂದು ವಾಪಸು ಎಂಬುದನ್ನು ನೌಕಾಪಡೆಯವರು ಹೆಂಡಂದಿರಿಗೆ ಹೇಳುವುದಿಲ್ಲವಲ್ಲ. ಮನೆ ಬಿಕೋ ಎನ್ನುತ್ತದೆ.

ಕಾಲೇಜಿನಲ್ಲಿ ಪಾಠದ ಜೊತೆಗೆ ಮಂಗಳ ಗ್ರಹದ ನಕ್ಷೆ ಬರೆಯುವ ಕೆಲಸ ಸಿಕ್ಕಿದೆ ಎಂದಿದ್ದೆ. ನನ್ನ ಪಾಲಿಗೆ ಬಂದದ್ದು ಹೆಲಾಸ್ ಎಂಬ ಕುಳಿ. ಕೋಟ್ಯಂತರ ವರ್ಷಗಳ ಹಿಂದೆ ಆಕಾಶದಿಂದ ಬಿದ್ದ ದೈತ್ಯ ಬಂಡೆಯೊಂದು ತೋಡಿದ ಗುಂಡಿ ಅದು. ಇಲ್ಲಿಂದ ವಿಜಯವಾಡಕ್ಕೆ ಎಷ್ಟು ದೂರವೋ ಅದರ ಆರೇಳು ಪಟ್ಟು ಅಗಲ. ಗಗನನೌಕೆಗಳು ಕಳಿಸಿದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ಅದರ ತಳವನ್ನು ಗುರುತಿಸುತ್ತಾ ಕೂತರೆ ನನಗೆ ಹಸಿವೆಯೂ ಮರೆಯುತ್ತಿತ್ತು.

ದಸರೆ ರಜೆ ಮುಗಿಸಿ ಬಂದ ಮೇಲೆ ಆ ತಳದಲ್ಲಿ ಒಂದು ಬೂದುಬಣ್ಣದ ಕಲೆ ಕಂಡಿತು. ದಿನ ಕಳೆದಂತೆ ಕಪ್ಪಾಯಿತು, ಹರಡಿತು. ಧೂಳಿನ ಬಿರುಗಾಳಿ ಏಳುತ್ತಿದೆ, ಮೊದಲು ಕಂಡವಳು ನಾನೇ ಎಂದು ಹಿಗ್ಗಿದೆ. ಜೊತೆಗೆ ಕೆಲಸ ಮಾಡುವ ಕೃಷ್ಣಚೈತನ್ಯನನ್ನು ಕರೆದು ತೋರಿಸಿದೆ.

“ಅಕ್ಕಡ ಏಮೀ ಲೇದು ಮೇಡಂ,” ಎಂದ. ಅಲ್ಲಿ ಏನೂ ಇಲ್ಲವಂತೆ!

ನಾನು ಪರದೆಯ ಮೇಲೆ ಬೆರಳಿಟ್ಟೆ. ಅವನು ಹಿಂದಿನ ವರ್ಷದ ಚಿತ್ರ ತೆರೆದ. ಅದನ್ನು ನಾನೇ ಗುರುತು ಹಾಕಿ ಮುಗಿಸಿದ್ದೆ, ಆಗ ತಳ ಸ್ವಚ್ಛವಾಗಿತ್ತು. ಈಗ ಅದರಲ್ಲೂ ಅದೇ ಕಪ್ಪು! ಇನ್ನೊಂದು ತೆರೆದ, ಅದರಲ್ಲೂ ಇತ್ತು. ಆಮೇಲೆ ಅವನು ಪರದೆ ಬಿಟ್ಟು ನನ್ನ ಮುಖ ನೋಡತೊಡಗಿದ. “ಇವತ್ತು ಸಾಕು, ಮನೆಗೆ ಹೋಗಿ ಮೇಡಂ,” ಎಂದ, ತೀರಾ ಮೆಲ್ಲಗೆ.

ಕಪ್ಪು ನನ್ನ ಹಿಂದೆಯೇ ಮನೆಗೆ ಬಂತು. ತವೆಯ ಮೇಲಿನ ರೊಟ್ಟಿಯ ನಡುವೆ ಕೂತಿತು. ಬಸ್ಸಿನ ನಂಬರಿನ ನಡುವಿನ ಅಂಕಿಯನ್ನು ನುಂಗಿತು. ಕನ್ನಡಿಯ ಮುಂದೆ ನಿಂತರೆ ಕೂದಲು ಕಾಣುತ್ತಿತ್ತು, ಕಿವಿಯ ಓಲೆ ಕಾಣುತ್ತಿತ್ತು, ಮುಖ ಮಾತ್ರ ಇರಲಿಲ್ಲ.

ಕಣ್ಣಿನಾಸ್ಪತ್ರೆಯ ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ. ಕಣ್ಣಿನ ಹಿಂಪದರ ನಡುವಿನಿಂದ ಸವೆಯುತ್ತಿದೆಯಂತೆ. ಹೋದದ್ದು ಮರಳಿ ಬರುವುದಿಲ್ಲ, ಸುತ್ತಲಿನ ನೋಟ ಉಳಿಯಬಹುದು ಎಂದರು. “ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ?” ಎಂದು ಕೇಳಿದರು. ಇಲ್ಲ ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅವ್ವ ನೆನಪಾದಳು. ಕೊನೆಕೊನೆಗೆ ಮದುವೆ ಮನೆಗಳಲ್ಲಿ ಎದುರಿಗೆ ಬಂದು ನಿಂತವರಿಗೆ, “ಯಾರವ್ವಾ ನೀ? ಮಾತಾಡು, ಗುರ್ತ ಸಿಗತೈತಿ” ಅನ್ನುತ್ತಿದ್ದಳಲ್ಲ? ಸೊಕ್ಕು ಬಂದಿದೆ ಎಂದು ಜನ ಆಡಿಕೊಂಡರು. ವಯಸ್ಸಾಯಿತು ಎಂದು ನಾವು ಅಂದುಕೊಂಡೆವು.

ಹೆಲಾಸ್ ಕುಳಿಯನ್ನು ಕೃಷ್ಣಚೈತನ್ಯನಿಗೆ ಒಪ್ಪಿಸಿದ್ದೇನೆ. ಪಾಠ ಬಿಟ್ಟಿಲ್ಲ, ಹುಡುಗರ ಧ್ವನಿಯಿಂದಲೇ ಹೆಸರು ಹಿಡಿಯುತ್ತೇನೆ. ನಿಮ್ಮ ಭಾವನಿಗೆ ಇನ್ನೂ ತಿಳಿಸಿಲ್ಲ, ನಡುನೀರಿನಲ್ಲಿರುವ ಮನುಷ್ಯನಿಗೆ ಹೇಗೆ ಹೇಳಲಿ? ನೀನು ಅಳಬೇಡ. ನಿನಗೂ ಪೃಥ್ವೀರಾಜರಿಗೂ ಮಗುವಿಗೂ ಒಳ್ಳೆಯದಾಗಲಿ, ನಿಮ್ಮ ಮನೆ ತಣ್ಣಗಿರಲಿ.

ನಿನ್ನ
ವೇದಕ್ಕ

ಮರೆತ ಮಾತು: ಸುಳ್ಳು, ಮರೆತಿರಲಿಲ್ಲ. ಫೋನು ಮಾಡಿದರೆ ನೀನು ಸ್ಪೀಕರಿಗೆ ಹಾಕುತ್ತೀ, ಮಗಳು ಸಾಹಿತ್ಯ ಪಕ್ಕದಲ್ಲೇ ಇರುತ್ತಾಳೆ, ಅದಕ್ಕೇ ಕಾಗದ. ಹಬ್ಬದ ದಿನ ಅವಳಿಗೆ ಜಡೆ ಹಾಕಿ ನನ್ನ ಕಡೆ ತಿರುಗಿಸಿಕೊಂಡೆ. ಅವಳು ಕುತ್ತಿಗೆ ಓರೆ ಮಾಡಿ ಗೋಡೆಯ ಕಡೆ ನೋಡುತ್ತಿದ್ದಳು. “ಯಾಕವ್ವಾ, ನನ್ನ ನೋಡವಲ್ಲಿ?” ಎಂದೆ.

“ನಿನ್ನೇ ನೋಡಾಕತ್ತೀನಿ ದೊಡ್ಡವ್ವಾ. ಹಿಂಗ ನೋಡಿದ್ರನ ನಿನ್ನ ಮುಖ ಕಾಣತೈತಿ,” ಎಂದಳು.

ಆಟ ಎಂದುಕೊಂಡು ನಕ್ಕೆವು, ನೀನೂ ನಕ್ಕೆ. ಸಿಂಧೂರಾ, ನಾಳೆಯೇ ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.