ಕಾಫಿಯಲ್ಲಿ ನೆಟ್ಟಗಾದ ತಂತಿ

ಪ್ರೀತಿಯ ಮಾವ,

ನಿಮ್ಮ ಸೊಸೆ ವನಜಾ ಬರೆಯುತ್ತಿದ್ದೇನೆ. ಸಿಟ್ಟು ಇಳಿದ ಮೇಲೆ ಮಾತಾಡೋಣ ಅಂತಿದ್ದೆ. ಇಳಿಯುವ ಹೊತ್ತಿಗೆ ನೀವು ಹೊರಟೇ ಹೋಗಿದ್ದಿರಿ.

ಆ ಭಾನುವಾರ ನೆನಪಿದೆಯಾ? ಬೆಂಗಳೂರಿನ ಲ್ಯಾಬಿನಿಂದ ಗೇಣುದ್ದದ ತಂತಿಯೊಂದನ್ನು ತಂದಿದ್ದೆ. ನೀವು ಅದನ್ನು ಸೊಟ್ಟಗೆ ಬಗ್ಗಿಸಿ, ನಾನು ಹೇಳಿದಂತೆ ಬಿಸಿ ಕಾಫಿ ಲೋಟಕ್ಕೆ ಹಾಕಿದಿರಿ. ತಕ್ಷಣ ನೆಟ್ಟಗಾಯಿತು. "ಎಲಾ ಇದರ! ಬಿಸಿ ಮುಟ್ಟಿಸಿದ್ರೆ ನೆಟ್ಟಗಾಗೋದು ನನ್ ಮಗ ಒಬ್ನೇ ಅನ್ಕೊಂಡಿದ್ದೆ" ಎಂದಿರಿ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

"ಅದೆಲ್ಲಾ ಸರಿ ಕಣಮ್ಮ, ಇದ್ರಿಂದ ಏನ್ ನೇಯ್ತೀಯಾ?" ಎಂದು ಕೇಳಿದಿರಿ, ನೇಕಾರರಲ್ಲವೇ ನೀವು. ನಿಮ್ಮ ಟ್ರಾನ್ಸಿಸ್ಟರ್ ತೋರಿಸಿ ಹೇಳಿದೆ. ಸ್ಟೇಷನ್ ಸರಿಯಾಗಿ ಸಿಗದಿದ್ದರೆ ಅದರ ಕಡ್ಡಿಯನ್ನು ನೀವು ಎಳೆಯುತ್ತೀರಿ, ಮೇಲೆ ಉಪಗ್ರಹದಲ್ಲಿ ಎಳೆಯುವವರು ಯಾರು? ನಮ್ಮದು ಟ್ರಂಕಿನಷ್ಟೇ ಇರುವ ಉಪಗ್ರಹ, ಎರಡು ಅಂಟೆನಾಗೆ ಜಾಗವಿಲ್ಲ. ಈ ತಂತಿಯಿಂದ ಮಾಡಿದ ಒಂದೇ ಅಂಟೆನಾ ಕರೆಂಟಿನ ಬಿಸಿಗೆ ಉದ್ದವಾಗಿ ಒಂದು ಬಗೆಯ ಸಂಕೇತ ಹಿಡಿಯಬೇಕು, ತಣಿದಾಗ ಸ್ಪ್ರಿಂಗ್ ಎಳೆದು ಗಿಡ್ಡವಾಗಿ ಇನ್ನೊಂದನ್ನು. ಆದರೆ ಮಡಚುವ ಜಾಗದಲ್ಲೇ ತಂತಿ ಮತ್ತೆ ಮತ್ತೆ ಮುರಿಯುತ್ತಿತ್ತು. ಇನ್ನೊಂದು ಸಲ ಮುರಿದರೆ ಕೆಲಸವನ್ನೇ ನಿಲ್ಲಿಸುತ್ತಾರೆ ಎಂದೂ ನಿಮಗೆ ಹೇಳಿದ್ದೆ.

ಮಾರನೆಯ ದಿನ ಕಿಟಕಿಯ ಮೇಲಿಟ್ಟ ತಂತಿ ಇರಲಿಲ್ಲ. ಹೊರದೇಶದಿಂದ ತರಿಸಿದ್ದು, ಸಹಿ ಹಾಕಿ ತಂದಿದ್ದೆ. ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ಮೊದಲ ಬಸ್ಸು ತಪ್ಪುವ ಹೊತ್ತು ಬೇರೆ.

"ನೀವೇ ತಗೊಂಡಿರ್ತೀರಾ ಮಾವ. ಕದ್ದಿದ್ರೆ ಕದ್ದೆ ಅಂತ ಹೇಳ್ಬಿಡಿ" ಎಂದುಬಿಟ್ಟೆ.

"ನನ್ ಮನೇಲಿ ನಾನು ಕದೀತೀನೇನಮ್ಮಾ?" ಎಂದಿರಿ, ಮೆಲ್ಲಗೆ. ಆಮೇಲೆ ಟಾರ್ಚ್ ಹಿಡಿದು ಮಗ್ಗದ ಕೆಳಗೆಲ್ಲಾ ಹುಡುಕಿದಿರಿ. ನಾನು ಮೂರು ವಾರ ನಿಮ್ಮ ಜೊತೆ ಮಾತು ಬಿಟ್ಟೆ. ಅದೆಂಥ ಹಟ ನನ್ನದು! ಒಂದು ಮಧ್ಯಾಹ್ನ ಮಗ್ಗದ ಮುಂದೆ ಕೂತಿದ್ದವರು ನೀವು ಹಾಗೇ...

ಹೋದ ತಿಂಗಳು ಮಗ್ಗ ರಿಪೇರಿಗೆ ಫಿಟ್ಟರ್ ಬಂದಿದ್ದ. ಮಗ್ಗದ ಮೇಲ್ಗಡೆ ಕೈಯಾಡಿಸಿ, "ಅಕ್ಕಾ, ನೂಲೆತ್ತೋ ಚೌಕಟ್ಟಿಗೆ ಯಜಮಾನ್ರು ಏನೋ ತಂತಿ ಕಟ್ಟವ್ರೆ. ಹಗ್ಗ ಆಗಿದ್ರೆ ಎಷ್ಟ್ ಸಲ ಹರೀತಿತ್ತೋ. ಇದು ಇನ್ನೂ ಗಟ್ಟಿ ಐತೆ" ಎಂದ. ಸ್ಟೂಲ್ ಹತ್ತಿ ನೋಡಿದೆ. ಬಿಚ್ಚಿ ತಂದು ಅವನಿಗೆಂದು ಮಾಡಿದ್ದ ಕಾಫಿಗೇ ಹಾಕಿದೆ. ನೆಟ್ಟಗಾಯಿತು. ಅಲ್ಲೇ ಕೂತು ಅತ್ತುಬಿಟ್ಟೆ, ಮಾವ. ಆ ಫಿಟ್ಟರ್ ಪಾಪ ಏನೂ ತಿಳಿಯದೆ ಲೋಟ ನೋಡುತ್ತಾ ನಿಂತ.

ಹಗ್ಗ ಹರಿದರೆ ಕೈಗೆ ಸಿಕ್ಕಿದ್ದನ್ನು ಕಟ್ಟಿ ಮಗ್ಗ ಓಡಿಸುವುದು ನಿಮ್ಮ ಚಾಳಿ. ಆ ರಾತ್ರಿಯ ಮಬ್ಬಿನಲ್ಲಿ ಕಟ್ಟಿದ್ದು ಆ ತಂತಿ ಅಂತ ನಿಮಗೇ ಗೊತ್ತಿರಲಿಲ್ಲ, ಅಲ್ವಾ? ಗೊತ್ತಿದ್ದರೆ ಕೆಳಗೆ ಯಾಕೆ ಹುಡುಕುತ್ತಿದ್ದಿರಿ? ನಿಮ್ಮ ತಲೆಯ ಮೇಲೆಯೇ ಇತ್ತಲ್ಲ.

ಬಿಚ್ಚುವ ಮುಂಚೆ ಒಂದನ್ನು ಗಮನಿಸಿದ್ದೆ. ಲ್ಯಾಬಿನಲ್ಲಿ ನಾವು ತಂತಿಯನ್ನು ಒಂದೇ ಕಡೆ ಚೂಪಾಗಿ ಮಡಚುತ್ತಿದ್ದೆವು. ನೀವು ಎಲ್ಲೂ ಮಡಚಿರಲಿಲ್ಲ. ಬೆರಳಿಗೆ ಸುತ್ತಿದ ಹಾಗೆ, ಸಡಿಲವಾಗಿ ಮೂರು ಸುತ್ತು ಹಾಕಿದ್ದಿರಿ. ಅಷ್ಟು ತಿಂಗಳು ಮಗ್ಗ ಜಗ್ಗಿದರೂ ಅದಕ್ಕೇನೂ ಆಗಿರಲಿಲ್ಲ.

ಮೊನ್ನೆ ಅಂಟೆನಾಗೂ ಮಡಿಕೆ ತೆಗೆದು ಮೂರು ಸುತ್ತು ಹಾಕಿ ಪರೀಕ್ಷೆಗೆ ಇಟ್ಟೆ. ಉದ್ದವಾಯಿತು, ಗಿಡ್ಡವಾಯಿತು, ದಿನವಿಡೀ. ಮುರಿಯಲಿಲ್ಲ ಮಾವ! ಕೆಲಸ ನಿಲ್ಲುವುದಿಲ್ಲವಂತೆ.

ಸಂಜೆ ಲ್ಯಾಬಿನ ಸ್ಟೋರಿನವರು, "ಕಳೆದುಹೋಗಿದ್ದ ತಂತಿ ಸಿಕ್ತಾ ಮೇಡಂ?" ಎಂದು ಕೇಳಿದರು. ಇಲ್ಲ ಎಂದೆ. ಮನೆಗೆ ಬಂದು, ನೀವು ಕಟ್ಟಿದ್ದ ಜಾಗದಲ್ಲೇ ಅದನ್ನು ಮತ್ತೆ ಕಟ್ಟಿದೆ. ಮೂರು ಸುತ್ತು, ಸಡಿಲವಾಗಿ. ಅತ್ತೆ ಸ್ವಿಚ್ ಹಾಕಿದರು, ಮಗ್ಗ ಓಡುತ್ತಿದೆ.

ಕದ್ದವಳು ಈಗ ನಾನು, ಮಾವ.

ನಿಮ್ಮ ವನಜಾ