ದನಿ ನಿಮ್ಮದೇ ಇತ್ತು

ಮಾಲಗಾಂವ,
೨೮ ಜೂನ್ ೨೦೨೫, ಶನಿವಾರ

ನನ್ನ ಮೇಲೆ ಸಿಟ್ಟು ಮಾಡಿಕೊಂಡು ಹರಿಪುರದಲ್ಲಿ ಕೂತಿರುವ, ಆದರೂ ನನಗೆ ಪ್ರೀತಿಯವರೇ ಆದ ಅತ್ತೆಯವರಿಗೆ,

ಸೊಸೆ ಬ್ರಾಹ್ಮಿಯ ಜಯ ಜಿನೇಂದ್ರ. ಮೊದಲು ನಿಮ್ಮ ಮೊಣಕಾಲಿನ ಸುದ್ದಿ ಹೇಳಿರಿ. ಹೊಳೆದಂಡೆಯ ಊರು, ಮಳೆಗಾಲದ ಥಂಡಿ, ಮೇಲೆ ನಿಮ್ಮ ಮಗಳು ಮಂಗಲಾ ವೈನಿಯ ಮನೆಯ ಆ ಕಡಿದಾದ ಮೆಟ್ಟಿಲು. ದಿನಕ್ಕೆ ಒಂದು ಸಲ ಇಳಿದರೆ ಸಾಕು, ಮೊಮ್ಮಕ್ಕಳು ಕರೆದಾಗಲೆಲ್ಲ ಇಳಿಯಬೇಡಿರಿ. ಕೃಷ್ಣೆಗೆ ಹೊಸ ನೀರು ಬಂದಿದೆಯಂತೆ, ಸಂಗಮದ ಕಡೆಗೆ ಹೋಗುವುದಂತೂ ಬೇಡವೇ ಬೇಡ. ರಕ್ತದೊತ್ತಡದ ಗುಳಿಗೆಯನ್ನು ಊಟದ ನಂತರ ತೆಗೆದುಕೊಳ್ಳುತ್ತಿದ್ದೀರೋ ಅಥವಾ ಮಗಳ ಮನೆಯ ಹೂರಣದ ಹೋಳಿಗೆಯೇ ಔಷಧ ಅಂದುಕೊಂಡಿದ್ದೀರೋ? ಇಲ್ಲಿ ನಾವೆಲ್ಲ ಕ್ಷೇಮ. ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯಲು ಮಳೆ ಬಿಡುತ್ತಿಲ್ಲವೆಂದು ನಿಮ್ಮ ಮಗ ಮುಂಜಾನೆಯಿಂದ ಆಕಾಶಕ್ಕೆ ಬೈಯುತ್ತಿದ್ದಾರೆ. ನೀವು ಇಲ್ಲದ್ದರಿಂದ ಅವರನ್ನು ಗದರಿಸುವವರು ಯಾರೂ ಇಲ್ಲ.

ಈ ಕಾಲದಲ್ಲಿ ಕಾಗದ ಯಾಕೆ ಬರೆಯುತ್ತಾಳೆ ಇವಳು ಅಂತೀರಿ. ಏನು ಮಾಡಲಿ, ನನ್ನ ಫೋನು ಬಂದರೆ ನೀವು ವೈನಿಯ ಕೈಗೆ ಕೊಟ್ಟು ಎದ್ದು ಹೋಗುತ್ತೀರಿ. ಕಾಗದ ಎದ್ದು ಹೋಗುವುದಿಲ್ಲ. ಇನ್ನೊಂದು ಅನುಕೂಲವೂ ಇದೆ. ನೀವು ಆರಗದ ಕನ್ನಡ ಶಾಲೆಯಲ್ಲಿ ಕಲಿತವರು, ನಾನು ಉಗಾರದವಳು. ಮರಾಠಿ ಶಾಲೆಯಲ್ಲಿ ಕಲಿತ ನಿಮ್ಮ ಮಗನಿಗೆ ಕನ್ನಡ ತಿಳಿಯುತ್ತದೆ, ಓದಲು ಬಾರದು. ವೈನಿಗೂ ಅಷ್ಟೇ. ಅಂದರೆ ಈ ಕಾಗದ ಮೇಜಿನ ಮೇಲೆ ತೆರೆದು ಬಿದ್ದಿದ್ದರೂ ಎರಡೂ ಮನೆಗಳಲ್ಲಿ ನಮ್ಮಿಬ್ಬರ ಹೊರತು ಯಾರೂ ಓದಲಾರರು. ನಮ್ಮ ಸಹಕಾರಿ ಪತಸಂಸ್ಥೆಯ ಕಂಪ್ಯೂಟರಿನವರು ಇಂಥದ್ದಕ್ಕೇ ಏನೋ ದೊಡ್ಡ ಹೆಸರು ಹೇಳಿದ್ದರು, ಮರೆತೆ.

ಈಗ ಆ ದಿನದ ಮಾತು. ನಿಮಗೆ ನಿಮ್ಮ ಕಡೆಯದು ಗೊತ್ತು. ನನ್ನ ಕಡೆಯದನ್ನು ಯಾರೂ ಕೇಳಿಲ್ಲ. ಮಿರಜಿನ ಕಚೇರಿಯಲ್ಲಿ ಕೂತಿದ್ದೆ. ಗುರುತಿಲ್ಲದ ನಂಬರಿನಿಂದ ಫೋನು ಬಂತು. ಎತ್ತಿದರೆ ನೀವು ಅಳುತ್ತಿದ್ದೀರಿ. "ಬ್ರಾಹ್ಮಿ, ನನ್ನ ಫೋನ್ ಹೊಳ್ಯಾಗ ಬಿತ್ತು. ನಿನ್ನ ಫೋನಿಗೆ ಒಂದು ನಂಬರ ಬಂದಿರತೈತಿ, ಲಗೂನ ಹೇಳು. ಇಲ್ಲಂದ್ರ ನಿಮ್ಮ ಮಾವನ ಫೋಟೋ ಎಲ್ಲಾ ಹೋಗತಾವಂತ." ಹಿಂದಿನಿಂದ ಯಾವನೋ ಗಂಡಸು "ಲೌಕರ್ ಸಾಂಗಾ, ಲೌಕರ್" ಎಂದು ಮರಾಠಿಯಲ್ಲಿ ಅವಸರ ಮಾಡುತ್ತಿದ್ದ. ನನ್ನ ಫೋನಿಗೆ ನಿಜವಾಗಿಯೂ ಒಂದು ನಂಬರ್ ಬಂದಿತ್ತು. ಯಾರಿಗೂ ಹೇಳಬೇಡಿ ಎಂದು ಅದರ ಕೆಳಗೇ ಬರೆದಿತ್ತು. ತಡೆಯಿರಿ ಅಂದು ಆಫೀಸಿನ ಇನ್ನೊಂದು ಫೋನಿನಿಂದ ವೈನಿಗೆ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಊಹುಂ. ನೀವು ಹೊಸ ಫೋನು ಕೊಂಡು ಅಂಗಡಿಯವನ ಫೋನಿನಿಂದ ಮಾತಾಡುತ್ತಿದ್ದಿರಿ, ವೈನಿ ಅಲ್ಲೇ ನಿಮ್ಮ ಪಕ್ಕದಲ್ಲಿ ನಿಂತಿದ್ದರು, ಫೋನು ಚೀಲದ ತಳದಲ್ಲಿ ಸದ್ದಿಲ್ಲದೆ ಮಲಗಿತ್ತು ಅನ್ನುವುದು ನನಗೆ ಆಮೇಲೆ ಗೊತ್ತಾದದ್ದು. ಆಗ ನಾನು ಆ ಮಾತು ಅಂದೆ. "ನಾಚಿಕಿ ಬರಂಗಿಲ್ಲೇನ್ರಿ ನಿಮಗ? ಮುದುಕಿ ದನಿ ಕದ್ದು ಹೊಟ್ಟಿ ಹೊರಕೋತೀರಿ?" ಅಂದು ಇಟ್ಟುಬಿಟ್ಟೆ.

ಸ್ಪೀಕರ್ ಹಾಕಿದ್ದರಂತೆ. ಸಾಂಗಲಿಯ ಆ ಅಂಗಡಿಯಲ್ಲಿ ನಿಂತವರೆಲ್ಲ ಕೇಳಿದರಂತೆ. ಅಯ್ಯೋ ಭಗವಂತಾ, ನೆನೆಸಿಕೊಂಡರೆ ಈಗಲೂ ನನ್ನ ಕಿವಿ ಕಾಯುತ್ತವೆ. ಮಾಲಗಾಂವದ ಹೌಸಾಬಾಯಿ ಆಜಿಯೆಂದು ಎಲ್ಲರೂ ನಮಸ್ಕರಿಸುವ ನಿಮ್ಮನ್ನು, ನಾಲ್ಕು ಜನರ ನಡುವೆ, ಸೊಸೆಯೇ ಕಳ್ಳರ ಸಾಲಿಗೆ ಸೇರಿಸಿದಳು. ಅದರ ಮೇಲೆ ಮುದುಕಿ ಅಂದದ್ದು. ಕಳ್ಳಿ ಅಂದದ್ದಕ್ಕಿಂತ ಮುದುಕಿ ಅಂದದ್ದೇ ನಿಮಗೆ ಹೆಚ್ಚು ತಾಗಿದೆ ಅಂತ ವೈನಿ ಹೇಳಿದರು. ಬೈದದ್ದಕ್ಕೆ ತಪ್ಪಾಯಿತು, ಅತ್ತೆ. ಕಾಲು ಹಿಡಿದು ಹೇಳುತ್ತೇನೆ. ಆದರೆ ಫೋನು ಇಟ್ಟದ್ದಕ್ಕೆ ತಪ್ಪಾಯಿತು ಅನ್ನಲಾರೆ. ನಾಳೆ ಹಾಗೇ ಫೋನು ಬಂದರೆ ನಾಳೆಯೂ ಇಡುತ್ತೇನೆ.

ಸಿಟ್ಟಿನಿಂದ ಕಾಗದ ಮಡಚಬೇಡಿರಿ, ಮುಂದೆ ಓದಿರಿ. ನೀವು ವೈನಿಯ ಹತ್ತಿರ ಅಂದಿರಂತೆ, "ಒಂದ ಒಲಿ ಮ್ಯಾಲ ಇಷ್ಟ ವರ್ಷ ಅಡಗಿ ಮಾಡೇವಿ. ನನ್ನ ದನಿ ಗುರುತ ಸಿಗಲಿಲ್ಲೇನ ಆಕಿಗೆ?" ಅಂತ. ಆ ಮಾತು ನನ್ನನ್ನು ಇರಿದುಬಿಟ್ಟಿದೆ. ಗುರುತು ಸಿಗಲಿಲ್ಲ ಅಂತಲ್ಲ, ಅತ್ತೆ. ಸಿಕ್ಕಿತ್ತು. ದನಿ ನಿಮ್ಮದೇ ಇತ್ತು, ಅಳುವಾಗ ನಡುವೆ ನಡುವೆ ಮೂಗು ಏರಿಸುವುದೂ ನಿಮ್ಮದೇ. ಅದಕ್ಕೇ ಹೆದರಿದೆ. ಮೇಲಿನ ಓಣಿಯ ಜ್ಯೋತೆಪ್ಪ ಕಾಕಾನಿಗೆ ಹೋದ ತಿಂಗಳು ಮಗನ ದನಿಯಲ್ಲೇ ಫೋನು ಬಂದಿತ್ತಲ್ಲ, ಪುಣೆಯಲ್ಲಿ ಪೊಲೀಸರು ಹಿಡಿದಿದ್ದಾರೆ, ನಂಬರ್ ಹೇಳು ಅಪ್ಪಾ ಅಂತ. ಮಗ ಆಗ ಹಿತ್ತಲಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ. ಕಾಕಾ ಅವನನ್ನು ನೋಡುವ ಮೊದಲೇ ನಂಬರ್ ಹೇಳಿ ಮುಗಿಸಿದ್ದ. ಈಗಿನ ಯಂತ್ರಗಳು ಎರಡು ಮಾತು ಕೇಳಿಸಿಕೊಂಡರೆ ಸಾಕು, ಮನುಷ್ಯರ ದನಿ ತೆಗೆಯುತ್ತವಂತೆ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಅಂತ ನೀವೇ ಅನ್ನುತ್ತೀರಿ. ಫೋನು ಇಟ್ಟ ಮೇಲೆ ಕಚೇರಿಯ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ ನಾನು. ನಿಜವಾಗಿ ನೀವೇ ಇದ್ದರೆ ಅಂತ ಒಂದು ಅಳು, ನಿಮ್ಮ ದನಿಯನ್ನು ಕಳ್ಳರು ಒಯ್ದಿದ್ದರೆ ಅಂತ ಇನ್ನೊಂದು. ಒಳ್ಳೆಯ ಗತಿ ನನ್ನದು.

ಇನ್ನು ಇಂಥ ಕಟ್ಟುನಿಟ್ಟು ನನಗೆ ಎಲ್ಲಿಂದ ಬಂತು ಅಂತ ಕೇಳಿರಿ. ಆ ವಾರವೇ ನಮ್ಮ ಪತಸಂಸ್ಥೆಯಲ್ಲಿ ಸೈಬರ್ ಸುರಕ್ಷತೆಯ ನಿಯಮಗಳನ್ನು ಅಂಟಿಸಿದ್ದರು. ಮಹಿಳಾ ಗುಂಪಿನವರಿಗೆ ಅದನ್ನು ಓದಿ ಹೇಳುವ ಕೆಲಸ ನನಗೆ. ಓದತೊಡಗಿದರೆ ಅರ್ಧ ಜನ ಆಕಳಿಸುತ್ತಿದ್ದಾರೆ, ಉಳಿದರ್ಧ ಮುಂದೆ ಕೂತವರ ಸೀರೆ ನೋಡುತ್ತಿದ್ದಾರೆ. ಕಾಗದ ಮಡಚಿ ಬದಿಗಿಟ್ಟು ನಮ್ಮ ಮನೆಯ ಚೌಕಾದ ಕಥೆ ಹೇಳಿದೆ. ಮುನಿಮಹಾರಾಜರ ಆಹಾರಕ್ಕಾಗಿ ಮಡಿಯಿಂದ ಅಡುಗೆ ಮಾಡುವ ಆ ಜಾಗ ಅವರಿಗೆಲ್ಲ ಗೊತ್ತು. ನಮ್ಮ ಅಪ್ಪ ಉಗಾರದಿಂದ ಬಂದಿದ್ದರಲ್ಲ ಒಂದು ವರ್ಷ, ಬಸ್ಸಿನಿಂದ ಇಳಿದವರೇ ಸಂತೋಷದಲ್ಲಿ ನೇರ ಚೌಕಾದ ಗೆರೆಗೆ ಬಂದರು. ನೀವು ಸೌಟು ಅಡ್ಡ ಹಿಡಿದಿರಿ. "ಬೀಗರ, ಅಲ್ಲೇ ನಿಂದರ್ರಿ. ಚೌಕ್ಯಾಗ ಬೀಗರಿಲ್ಲ, ಭಾವ ಇಲ್ಲ. ಮಡಿ ಇದ್ದಾವರು ಒಳಗ, ಇಲ್ಲದಾವರು ಹೊರಗ." ಹೆಣ್ಣು ಕೊಟ್ಟ ಜಯಕುಮಾರ ಶೆಟ್ಟರು ಬಾಗಿಲ ಹೊರಗೆ ನಿಂತರು. ನಾನು ನಿಮ್ಮ ಮೇಲೆ ಎಂಟು ದಿನ ಮುಖ ಊದಿಸಿಕೊಂಡಿದ್ದೆ. ಅಪ್ಪ ಮಾತ್ರ ನಗುತ್ತ ಹೋದರು. "ನಿಮ್ಮ ಅತ್ತಿ ಗಟ್ಟಿ ಇದ್ದಾಳ ಬಿಡು, ಆ ಮನ್ಯಾಗ ಏನೂ ಕೆಡಂಗಿಲ್ಲ" ಅಂದರು.

ಆ ಹೆಂಗಸರಿಗೆ ಅಷ್ಟೇ ಹೇಳಿದೆ. ಗೆರೆ ಇರುವುದು ಕಳ್ಳನಿಗಷ್ಟೇ ಅಲ್ಲ, ಪ್ರೀತಿಯವರಿಗೂ. ಒಬ್ಬರಿಗೆ ಸಡಿಲ ಬಿಟ್ಟರೆ ಗೆರೆ ಅಲ್ಲಿಗೇ ಅಳಿಸಿಹೋಯಿತು. ನಮ್ಮ ಮ್ಯಾನೇಜರ್ ಕೇಳಿದರೂ ನಂಬರ್ ಹೇಳಬೇಡಿರಿ, ನಾನು ಕೇಳಿದರೂ ಹೇಳಬೇಡಿರಿ ಅಂದೆ. ಫೋನನ್ನು ಆಗಾಗ ಅಪ್‌ಡೇಟ್ ಮಾಡಿಕೊಳ್ಳಿ ಅಂತ ಅದೇನೋ ಬರುತ್ತದಲ್ಲ, ಅದಕ್ಕೆ ಒಬ್ಬಳು "ಒಮ್ಮೆ ಮಾಡಿದ್ರ ಸಾಲದೇನ್ರಿ?" ಅಂದಳು. ನೀರು ಒಮ್ಮೆ ಸೋಸಿದರೆ ದಿನವಿಡೀ ನಡೆಯುತ್ತದೆಯೇನು ಅಂತ ಕೇಳಿದೆ. ಗಳಿಗೆ ದಾಟಿದರೆ ಮತ್ತೆ ಅರಿವೆ ಕಟ್ಟಿ ಸೋಸಬೇಕು, ಕೊಡದಲ್ಲಿ ಕಣ್ಣಿಗೆ ಏನೂ ಕಾಣದಿದ್ದರೂ ಸೋಸಬೇಕು. ಇಷ್ಟು ಅಂದದ್ದೇ ತಡ, ಆಕಳಿಸುತ್ತಿದ್ದವರೇ ತಲೆಯಾಡಿಸತೊಡಗಿದರು. ಜೈನರಲ್ಲದವರಿಗೂ ತಿಳಿಯಿತು. ಕೊನೆಗೆ ಎಲ್ಲರೂ ನನ್ನನ್ನು ಬಿಟ್ಟು ನಿಮ್ಮನ್ನೇ ಹೊಗಳಿದರು, ಇಂಥ ಅತ್ತೆ ನಮಗೂ ಇರಬೇಕಿತ್ತು ಅಂತ. ಎರಡು ದಿನ ಇಟ್ಟುಕೊಂಡು ನೋಡಿರಿ, ಆಮೇಲೆ ಹೇಳಿರಿ ಅಂದೆ ನಾನು. ನಗಬೇಡಿರಿ, ಸಿಟ್ಟು ಇಳಿದುಬಿಡುತ್ತದೆ.

ನಾನು ಅಲ್ಲಿ ಹಾಗೆ ಬಾಯಿ ತುಂಬ ಹೇಳಿ ಬಂದವಳು, ನಾಲ್ಕು ದಿನದೊಳಗೆ ನಿಮ್ಮ ಫೋನು ಬಂತು. ಒಂದೇ ನಂಬರ್ ಅಲ್ಲವೇ, ಹೇಳಿದರೆ ಏನು ಹೋದೀತು ಅಂತ ಮನಸ್ಸು ಎಳೆಯುತ್ತಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಬಂತು? ಅಂದು ನೀವು ನನ್ನ ಅಪ್ಪನನ್ನು ನಿಲ್ಲಿಸಿದಿರಿ, ಇಂದು ನಾನು ನಿಮ್ಮನ್ನು ನಿಲ್ಲಿಸಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಊರವರು ಆಡಿಕೊಂಡಾರು. ನಾನು ಹಾಗೆ ಸೇಡಿನಿಂದ ಮಾಡಲಿಲ್ಲ. ನಿಮ್ಮಿಂದ ಕಲಿತದ್ದನ್ನು ನಿಮ್ಮ ಮೇಲೆಯೇ ನಡೆಸಬೇಕಾಯಿತು, ಅಷ್ಟೇ. ಮಾವನವರ ಫೋಟೋ ಎಲ್ಲಿಯೂ ಹೋಗಿಲ್ಲ. ದ್ರಾಕ್ಷಿ ಒಣಗಿಸುವ ಬೇದಾಣಿ ಶೆಡ್ಡಿನ ಮುಂದೆ ಟೊಪ್ಪಿಗೆ ಹಾಕಿಕೊಂಡು ನಿಂತದ್ದು, ನಿಮ್ಮ ಜೊತೆ ಶಿಖರಜಿಯಲ್ಲಿ ತೆಗೆಸಿದ್ದು, ಎಲ್ಲ ಇವೆ. ಅವು ಹೊಳೆಯಲ್ಲಿ ಬಿದ್ದ ಫೋನಿನೊಳಗೆ ಅಷ್ಟೇ ಇರಲಿಲ್ಲ, ಬೇರೆ ಕಡೆಯೂ ಒಂದು ಪ್ರತಿ ಇರುವಂತೆ, ಅದನ್ನು ತೆರೆಯುವ ನಂಬರ್ ನನ್ನ ಫೋನಿಗೇ ಬರುವಂತೆ ನಾನೇ ಮಾಡಿಟ್ಟಿದ್ದೆ. ನನ್ನ ಪಕ್ಕದಲ್ಲಿ ಕೂಡಿರಿ, ನಂಬರ್ ಬಂದಾಗ ನಾನೇ ಒತ್ತುತ್ತೇನೆ, ನಿಮ್ಮ ಹೊಸ ಫೋನಿಗೆ ಒಂದೂ ಬಿಡದೆ ಬರುತ್ತವೆ.

ಚಾತುರ್ಮಾಸ ಹತ್ತಿರ ಬಂತು. ಮಹಾರಾಜರು ಈ ವರ್ಷ ನಮ್ಮೂರ ಬಸದಿಯಲ್ಲೇ ನಿಲ್ಲುತ್ತಾರಂತೆ. ನಿಮ್ಮ ಮನೆಯಲ್ಲಿ ಚೌಕಾ ಹಾಕುತ್ತೀರೋ ಇಲ್ಲವೋ ಅಂತ ಬಸದಿಯವರು ಎರಡು ಸಲ ಕೇಳಿಕಳಿಸಿದರು. ನಿಮ್ಮ ಮಗ ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ. ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಅಂತ ನೀವು ಅಂದದ್ದು ಊರಿಗೆಲ್ಲ ಗೊತ್ತಾಗಿದೆ. ನೀವಿಲ್ಲದೆ ಚೌಕಾ ಹಾಕುವ ಧೈರ್ಯ ನನಗಿಲ್ಲ, ಮನಸ್ಸೂ ಇಲ್ಲ. ಮನೆ ಬಣಬಣ ಅನ್ನುತ್ತಿದೆ, ಅತ್ತೆ. ಅಡುಗೆಮನೆಯಲ್ಲಿ ಒಗ್ಗರಣೆ ಸೀದರೂ ಯಾರೂ ಬೈಯುವುದಿಲ್ಲ.

ಮಂಗಲಾ ವೈನಿಗೆ, ಅವರ ಯಜಮಾನರು ದಾಜಿಗೆ ನಮಸ್ಕಾರ ತಿಳಿಸಿರಿ. ಮಕ್ಕಳ ಕೆನ್ನೆ ಹಿಂಡಿರಿ. ನಿಮ್ಮ ಪಾದಗಳಿಗೆ ತಲೆಯಿಟ್ಟು, ಇನ್ನೂ ಬೈಸಿಕೊಳ್ಳಲು ಸಿದ್ಧಳಾಗಿ,

ನಿಮ್ಮ ಸೊಸೆ
ಬ್ರಾಹ್ಮಿ

ತಾ.ಕ. ಅಂಚೆಯವ ಬರುವ ಹೊತ್ತಾಯಿತು, ಲಗುಬಗೆಯಿಂದ ಬರೆಯುತ್ತಿದ್ದೇನೆ. ಮಹಾರಾಜರು ಆಹಾರಕ್ಕೆ ಹೊರಡುವ ಮುಂದೆ ಮನಸ್ಸಿನಲ್ಲೇ ಒಂದು ವಿಧಿ ಇಟ್ಟುಕೊಳ್ಳುತ್ತಾರಲ್ಲ, ಇಂಥ ಗುರುತು ಕಂಡ ಮನೆಯಲ್ಲೇ ನಿಲ್ಲುತ್ತೇನೆ ಅಂತ, ಯಾರಿಗೂ ಹೇಳದೆ. ನಮ್ಮಿಬ್ಬರಲ್ಲೂ ಅಂಥ ಒಂದು ಗುರುತಿನ ಮಾತು ಇರಬೇಕು. ಫೋನಿನಲ್ಲಿ ನಾನು ಕೇಳಬೇಕು, ನೀವು ಹೇಳಬೇಕು. ಆಗ ಯಾವ ಕಳ್ಳ ನಿಮ್ಮ ದನಿ ತಂದರೂ ನನಗೆ ತಿಳಿಯುತ್ತದೆ, ನೀವೇ ಆಗಿದ್ದರೆ ಮತ್ತೆ ಎಂದೂ ನಿಮ್ಮ ಮೇಲೆ ಫೋನು ಇಡುವುದಿಲ್ಲ. ಮಾತು ಯಾವುದು ಅಂತ ಯೋಚಿಸಿ ಇಟ್ಟಿದ್ದೇನೆ. ಅದನ್ನು ಈ ಕಾಗದದಲ್ಲಿ ಬರೆಯುವ ಹಾಗಿಲ್ಲ, ಫೋನಿನಲ್ಲಿ ಹೇಳುವ ಹಾಗಿಲ್ಲ, ವೈನಿಯ ಕೈಯಲ್ಲಿ ಹೇಳಿಕಳಿಸುವ ಹಾಗೂ ಇಲ್ಲ. ನಿಮ್ಮ ಕಿವಿಯಲ್ಲೇ ಹೇಳಬೇಕು, ಅದಕ್ಕೆ ನೀವು ಮನೆಗೆ ಬರಲೇಬೇಕು. ಬರುತ್ತೇನೆಂದು ಮೊದಲು ಫೋನು ಮಾಡಬೇಡಿರಿ, ನಾನು ಇಟ್ಟುಬಿಡುತ್ತೇನೆ. ಸುಮ್ಮನೆ ಬಂದುಬಿಡಿರಿ.