ಮಾವನ ಅಂಗಿಯ ತುಂಡು

ಐಡಾಹೊ ಬೆಟ್ಟ, ಸೆಪ್ಟೆಂಬರ್ 19

ಮಾವ,

ಹೇಳಿಕೊಳ್ಳಲು ನಾಚಿಕೆ. ಬಿಲ್ಲು ಅಲುಗದಿರಲೆಂದು ಅದರ ಮುಂದಕ್ಕೆ ನೀವು ತಿರುಗಿಸಿ ಕೂರಿಸಿಕೊಟ್ಟ ಸ್ಟೆಬಿಲೈಜರ್ ಕೋಲನ್ನು ನೋಡಿ ಬೇಟೆ ಶಿಬಿರದ ಡ್ವೇನ್, “ಏನಯ್ಯಾ, ಬಿಲ್ಲಿಗೂ ಊರುಗೋಲು ಕೊಟ್ಟಿದೀಯಾ? ಪಾಪ, ವಯಸ್ಸಾಯ್ತೇನೋ!” ಎಂದು ನಗಾಡಿದ. ರೋಷಕ್ಕೆ ಬಿಚ್ಚಿಟ್ಟೆ. ಮರುದಿನ ಬೆಳಿಗ್ಗೆ ಇಪ್ಪತ್ತೇ ಹೆಜ್ಜೆ ದೂರದಲ್ಲಿ, ಕೊಂಬಿಗೆ ಹಸಿ ಹುಲ್ಲು ಸಿಕ್ಕಿಸಿಕೊಂಡು ದೊಡ್ಡ ಕಡವೆಯಂಥ ಗಂಡು ಎಲ್ಕ್ ಬಂದು ನಿಂತಿತು. ಬಿಲ್ಲು ಅಲುಗಿ ಬಾಣ ಹೋಗಿ ಪೈನ್ ಮರಕ್ಕೆ ನಾಟಿತು.

ಇಲ್ಲಿನ ಪದ್ಧತಿ ನಿಮಗೆ ಗೊತ್ತೇ ಇದೆ. ಗುರಿ ತಪ್ಪಿದವನ ಅಂಗಿಯ ಹಿಂದಿನ ಅಂಚು ಕತ್ತರಿಸಿ ಶಿಬಿರದ ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ನಾನು ತೊಟ್ಟಿದ್ದು ನೀವು ಕೊಟ್ಟ ಕೆಂಪು ಉಣ್ಣೆ ಅಂಗಿ. ಈಗ ನಡುವಿಗೆ ಚಳಿ ಹೊಡೆದು ನೆಗಡಿಯಾಗಿದೆ, ಜ್ವರವಿಲ್ಲ. ಕೋಲನ್ನು ಮತ್ತೆ ಕೂರಿಸಿದ್ದೇನೆ.

ಅಂಚೆಪೆಟ್ಟಿಗೆಯ ಕಡೆ ಹೋಗುವ ಟ್ರಕ್ಕು ಹಾರನ್ ಹೊಡೆಯುತ್ತಿದೆ, ಹೇಳಲೇಬೇಕಾದದ್ದು ಇನ್ನೂ ಉಳಿದಿದೆ. ಆ ಅಂಚಿನಲ್ಲಿ ಅತ್ತೆ ನಿಮ್ಮ ಹೆಸರು ಹೊಲಿದಿದ್ದರು. “ಅಯ್ಯೋ, ಆರ್ವಲ್ಲಣ್ಣಂದು ಕಣ್ರೋ!” ಎಂದು ಮುದುಕರೆಲ್ಲ ಟೋಪಿ ತೆಗೆದರು. ಮೂವತ್ತು ವರ್ಷ ಒಮ್ಮೆಯೂ ಗುರಿ ತಪ್ಪದೆ ಈ ಗೋಡೆಗೆ ಸಿಗದ ನಿಮ್ಮ ಹೆಸರು ಈಗ ಬಾಗಿಲ ಎದುರಿಗೇ ನೇತಾಡುತ್ತಿದೆ.

ನಿಮ್ಮ ಅಳಿಯ,
ಲೈಲ್